ಸಾಕು ಎನ್ನಬೇಕಾದವಳು

ಶಿವರಾತ್ರಿ ಕಳೆದು ಎಂಟು ದಿನವಾಗಿಲ್ಲ, ಬಿಸಿಲು ಆಗಲೇ ಕಟ್ಟೆ ಹತ್ತಿ ಕೂತಿದೆ, ಕೊಡತಿಯ ಏಟಿಗೆ ಹುಣಸೆಹಣ್ಣು ಬಾಯಿ ಬಿಟ್ಟು ಬೀಜ ಸಿಡಿದು ಸೀರೆಯ ನೆರಿಗೆಯೊಳಗೆ ಬೀಳುತ್ತದೆ, ಒಂದು, ಮತ್ತೊಂದು, ಕೈ ತನ್ನ ಪಾಡಿಗೆ ಕುಟ್ಟುತ್ತಿದೆ, ಕಣ್ಣು ಮಾತ್ರ ಬೇವಿನ ಗಿಡದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯ ಕಡೆ ಹೋಗಿ ಹೋಗಿ ಬರುತ್ತಿದೆ — ಶಿವಯೋಗಪ್ಪ, ಸೌಭಾಗ್ಯಳ ಗಂಡ, ಚಿಗಟೇರಿಯಿಂದ ಬಸ್ಸು ಬದಲಿಸಿ ಬದಲಿಸಿ ಕೂಡ್ಲಿಗಿಗೆ ಬಂದು ಅಲ್ಲಿಂದ ಆಟೋ ಹಿಡಿದು ಬಂದವನು, ಸೌಭಾಗ್ಯ ತೀರಿಹೋಗಿ ಇವತ್ತಿಗೆ ಹದಿನೇಳು ದಿನ, ಅವನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ರಟ್ಟು, ಕೊಡು ಎಂದು ನಾನು ಕೇಳಿಲ್ಲ, ತಗೋರಿ ಎಂದು ಅವನೂ ಅಂದಿಲ್ಲ, ಕೆಲಸ ಮುಗಿಸ್ರಿ ಅಕ್ಕಾರೆ, ನನ್ನ ಬಸ್ಸು ನಾಲ್ಕಕ್ಕೈತೆ ಎಂದು ಕೂತುಬಿಟ್ಟ. ಹಣ್ಣಿಗೆ ಹೊಡಿ ಪಾಲಕ್ಕ, ಬೆರಳಿಗೆ ಹೊಡಕಂಡು ಆಮ್ಯಾಲೆ ನನ್ನ ಮ್ಯಾಲೆ ಹೇಳಬ್ಯಾಡ, ಪಕ್ಕದಲ್ಲಿ ಅಂಜಿನಕ್ಕ, ಅವಳ ಬಾಯಿಗೂ ಕೊಡತಿಗೂ ಬಿಡುವಿಲ್ಲ, ಬೀಜ ಎಲ್ಲಾ ನಿನಗ ಇಟ್ಟೀನಿ ನೋಡು ಅಂಟು ಕಾಯಿಸಾಕ, ಊರಾಗ ಎಲ್ಲಾರೂ ಹಣ್ಣು ಒಯ್ದರ ನೀನೊಬ್ಬಾಕಿ ಬೀಜ ಒಯ್ತಿ. ಆಮೇಲೆ ದನಿ ತಗ್ಗಿಸಿ, ಯಾರವ್ವ ಅವರು, ಬೀಗರಾ? ಬೀಗರಲ್ಲ ಎಂದೆ. ಮತ್ತ? ಮತ್ತೆ ಏನೆಂದು ಹೇಳುವುದು, ಸೌಭಾಗ್ಯಳನ್ನು ಆರು ವರ್ಷದಲ್ಲಿ ಮುಖಕ್ಕೆ ಮುಖ ಕೊಟ್ಟು ಕಂಡದ್ದು ನಾಲ್ಕೇ ಸಲ, ನೆಂಟರವಳಲ್ಲ, ನಮ್ಮ ಜನದವಳಲ್ಲ, ಒಂದೇ ಊರಿನವಳೂ ಅಲ್ಲ, ಅವಳು ಹೋದಳೆಂದು ನಾನು ಅತ್ತರೆ ಯಾವ ಲೆಕ್ಕದಲ್ಲಿ ಅಳುತ್ತಿ ಎಂದು ಈ ಓಣಿ ಕೇಳುತ್ತದೆ.

ಆರು ವರ್ಷದ ಹಿಂದೆ ಕೊಟ್ಟೂರಿನ ಡ್ರಾಯಿಂಗ್ ಮೇಷ್ಟ್ರು ಗುರುಬಸವರಾಜ ಮೊಬೈಲಿನಲ್ಲಿ ತೋರಿಸಿ, ಇದು ಬ್ಲಾಗು ಪಾಲಮ್ಮ, ಇಲ್ಲಿ ಹಾಕಿದ್ರೆ ಯಾರಾದ್ರೂ ನೋಡಬಹುದು ಎಂದಾಗ, ಯಾರಾದರೂ ಎಂದರೆ ಯಾರು ಎಂದು ನಕ್ಕಿದ್ದೆ, ಹರಿದ ಕಂಬಳಿ ಚೂರು, ಗೊಬ್ಬರದ ಚೀಲದ ದಾರ, ಕೆಂಪು ಮಣ್ಣು, ಇವನ್ನು ರಟ್ಟಿಗೆ ಅಂಟಿಸಿ ಹೊಲಿದರೆ ಚಿತ್ರವೆಂದು ಯಾರು ನೋಡುತ್ತಾರೆ, ಬ್ಲಾಗಿಗೆ ಅವರು ಇಟ್ಟ ಹೆಸರೂ ಹಾಗೇ, ತ್ಯಾಪಿ, ಹರಿದ ಬಟ್ಟೆಗೆ ಹಾಕುವ ತೇಪೆ. ಎರಡು ತಿಂಗಳು ಯಾರೂ ನೋಡಲಿಲ್ಲ. ಮೂರನೆಯ ತಿಂಗಳು ಕೆಳಗೊಂದು ಸಾಲು, ಅಕ್ಕ ಆ ಕರಿ ಉಣ್ಣೆ ಯಾವ ಕುರಿದು, ನಂಗೊಂದು ಚೂರು ಕಳಿಸ್ತೀರಾ, ನಾನು ಸೀರಿ ಅಂಚು ಕಳಿಸ್ತೀನಿ — ಅದು ಸೌಭಾಗ್ಯ. ಉಣ್ಣೆ ಹೋಯಿತು, ಅಂಚು ಬಂತು, ಬಸ್ಸಿನ ಕಂಡಕ್ಟರನ ಕೈಯಲ್ಲಿ ಪೊಟ್ಟಣ ಹೋಗುವುದು ಬರುವುದು, ಅವಳು ಹಳೇ ಕ್ಯಾಲೆಂಡರು ಕತ್ತರಿಸುವವಳು, ನಾನು ಉಣ್ಣೆಯವಳು, ಅವಳು ಹಾಕಿದ್ದಕ್ಕೆ ನಾನು ನಾಲ್ಕು ಮಾತು ಬರೆಯುವುದು, ನಾನು ಹಾಕಿದ್ದಕ್ಕೆ ಅವಳು ಎಂಟು. ಮೈದುನ ಕಸವೆಂದುಕೊಂಡು ನನ್ನ ಹನ್ನೊಂದು ಚಿತ್ರದ ಹಾಳೆಗಳನ್ನು ನೀರೊಲೆಗೆ ತುರುಕಿದ ದಿನ ಬ್ಲಾಗಿನಲ್ಲಿ ಒಂದೇ ಸಾಲು ಬರೆದಿದ್ದೆ, ಇನ್ನು ಮೇಲೆ ನನ್ನ ಚಿತ್ರ ಬರುವುದಿಲ್ಲ, ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಒಂದು ತೆಳ್ಳಗಿನ ಹೆಂಗಸು, ಹೆಗಲಿಗೆ ಚೀಲ, ನಾನ್ರೀ ಅಕ್ಕ ಸೌಭಾಗ್ಯ, ನೀರು ಕೊಡ್ರಿ ಮೊದ್ಲು. ಎರಡು ದಿನ ಇದ್ದಳು, ಯಾರನ್ನೂ ಬಯ್ಯಲಿಲ್ಲ, ಸುಟ್ಟದ್ದು ಸುಡ್ತು, ಆ ಬೂದಿ ಐತಲ್ಲ, ಅದನ್ನ ಅಂಟಿಗೆ ಕಲಸಣ ಎಂದಳು, ಕಲಸಿದೆವು, ಬೂದಿಯ ಬಣ್ಣ ಅಷ್ಟು ಚೆಂದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ, ಮೈದುನನನ್ನೇ ಕರೆದು ಇದು ಹೆಂಗೈತೆ ನೋಡ್ರಿ ಎಂದಳು, ಅವನು ತಲೆ ಕೆರೆದುಕೊಂಡು ಚಲೋ ಐತಿ ಬಿಡ್ರಿ ಎಂದ. ನಾನು ಅಂಟಿಸುತ್ತಲೇ ಇದ್ದೆ, ಒಂದರ ಮೇಲೊಂದು, ನಿಲ್ಲಿಸುವುದು ನನಗೆ ತಿಳಿಯುವುದಿಲ್ಲ, ಅವಳು ನನ್ನ ಮುಂಗೈ ಹಿಡಿದಳು, ಸಾಕು ಅಕ್ಕ, ಕೈ ತೆಗೀರಿ, ಅದು ತುಂಬೈತೆ. ಅದನ್ನೇ ಮೇಷ್ಟ್ರು ಬ್ಲಾಗಿನ ಕಟ್ಟಳೆ ಮಾಡಿದರು, ಮಾಡಿದವರಿಗೆ ಮುಗಿದದ್ದು ಗೊತ್ತಾಗುವುದಿಲ್ಲ, ನೋಡುವ ಗೆಳೆಯರೊಬ್ಬರು ಸಾಕು ಎನ್ನಬೇಕು, ಅಲ್ಲಿಯವರೆಗೆ ಸೂಜಿ ಕೆಳಗಿಡುವಂತಿಲ್ಲ, ಸೌಭಾಗ್ಯಳ ಹಾಳೆಗೆ ಪಾಲಮ್ಮ, ಪಾಲಮ್ಮನ ಹಾಳೆಗೆ ಸೌಭಾಗ್ಯ.

ಶಿವಯೋಗಪ್ಪ ಟವೆಲು ಬಿಚ್ಚುತ್ತಿದ್ದಾನೆ, ಕೊಡತಿ ಕೆಳಗಿಟ್ಟೆ, ಕೈಗಂಟಿದ ಹುಳಿ ಸೆರಗಿಗೆ ಒರೆಸಿಕೊಂಡು ಹತ್ತಿರ ಹೋದರೆ ಸೌಭಾಗ್ಯಳ ಕೊನೆಯ ಚಿತ್ರ, ಅದೇ ಕೆರೆ, ಮೊಬೈಲಿನಲ್ಲಿ ಅಂಗೈಯಗಲ ಕಂಡದ್ದು ಇಲ್ಲಿ ಮೊಳದಗಲ, ನೀರೆಲ್ಲ ಗುಳಿಗೆ ಚೀಟಿಯ ಬೆಳ್ಳಿ ಹಾಳೆ, ಅವಳೇ ನುಂಗಿದ ಗುಳಿಗೆಗಳದು, ಕಿಡ್ನಿ ಕೆಟ್ಟು ವಾರಕ್ಕೆರಡು ಸಲ ದಾವಣಗೆರೆಗೆ ರಕ್ತ ತೊಳೆಸಲು ಹೋಗುತ್ತಿದ್ದ ದಿನಗಳದು, ಕೆರೆ ಏರಿಯ ಮೇಲೆ ಕರಿ ಉಣ್ಣೆಯ ಇಬ್ಬರು ಹೆಂಗಸರು, ಏರಿಯ ನಡುವೆ ಸೂಜಿ, ನೆಟ್ಟಗೆ ನಿಂತಿದೆ, ಅವನು ತೆಗೆದಿಲ್ಲ. ಮೊದಲ ಫೋಟೋ ಬಂದಾಗ ದೀಪಾವಳಿ, ಸಾಕಾ ಅಕ್ಕ ಎಂದು ಕೇಳಿದ್ದಳು, ನೋಡಿದ ತಕ್ಷಣ ಗೊತ್ತಾಗಿತ್ತು, ತುಂಬಿದೆ, ಇನ್ನೊಂದು ಎಳೆಗೂ ಜಾಗವಿಲ್ಲ, ಬೆರಳು ಸಾಕು ಎಂದು ಒತ್ತಲು ಹೋದದ್ದು ನಿಂತಿತು, ಸಾಕು ಎಂದುಬಿಟ್ಟರೆ ನಾಳೆ ಅವಳು ಯಾವುದಕ್ಕೆ ಏಳುತ್ತಾಳೆ, ಚಿತ್ರ ಮುಗಿಯದೆ ಸೌಭಾಗ್ಯ ಎಲ್ಲಿಗೂ ಹೋಗುವವಳಲ್ಲ, ಹಾಗೆಂದು ಯಾರು ಹೇಳಿದರು ನನಗೆ, ನಾನೇ ಅಂದುಕೊಂಡೆ, ಬರೆದೆ, ಏರಿ ಮೇಲೊಂದು ಗಿಡ ಬೇಕು. ಗಿಡ ಬಂತು. ಗಿಡಕ್ಕೆ ನೆರಳು ಬೇಕು. ನೆರಳೂ ಬಂತು, ಕ್ಯಾಲೆಂಡರಿನ ಅಂಕಿಗಳನ್ನು ಕತ್ತರಿಸಿ ಮಾಡಿದ್ದಳು. ಮೇಷ್ಟ್ರು ಕೆಳಗೆ ಬರೆದರು, ಪಾಲಮ್ಮ, ನನಗ ತುಂಬಿದಂಗ ಕಾಣ್ತೈತಲ್ಲ. ಅವರ ಸಾಲಿನ ಕೆಳಗೇ ಬರೆದೆ, ಹಕ್ಕಿ ಬೇಕು. ಹಕ್ಕಿಯೂ ಬಂತು. ಫೋನಿನಲ್ಲಿ ನಗುತ್ತಿದ್ದಳು, ಅಕ್ಕ ನೀವು ಸಾಲಿ ಇನ್ಸ್‌ಪೆಕ್ಟ್ರು ಆಗಬೇಕಾಗಿತ್ತು, ನಗುವಿನ ನಡುವೆ ಉಸಿರು ಹಿಡಿದುಕೊಳ್ಳುವುದು ಕೇಳುತ್ತಿತ್ತು, ಕೈ ನಡುಗ್ತಾವಕ್ಕ, ಸೂಜಿ ಕಣ್ಣು ಕಾಣಂಗಿಲ್ಲ, ಈ ಸಲ ಸಾಕು ಅಂದ್ಬಿಡ್ರಿ. ಆಗಲೂ, ಆಗಲೂ ನಾನು, ಏರಿಗೆ ಕಲ್ಲಿಲ್ಲವಲ್ಲ ಸೌಭಾಗ್ಯ, ಕಲ್ಲಿಲ್ಲದ ಏರಿ ನಿಲ್ಲತೈತೇನು ಎಂದೆ. ಹೂನ್ರಿ, ಕಲ್ಲು ಬೇಕು ಎಂದಳು.

ಒಂದೊಂದು ಕಲ್ಲೂ ಒಂದೊಂದು ಗಂಟು, ಕೆಂಪು ದಾರದ್ದು, ಎಡಗಡೆಯಿಂದ ಶುರುವಾಗಿ ಒತ್ತಾಗಿ ಸಾಲಾಗಿ ಬಂದಿವೆ, ನಡುವಿಗೆ ಬರುತ್ತ ಸಡಿಲ, ಒಂದು ಮೇಲೆ ಒಂದು ಕೆಳಗೆ, ಆಮೇಲೆ ಸೂಜಿ, ಅದರಾಚೆ ಬರೀ ರಟ್ಟು. ದಿಂಬಿಗೆ ಒರಗಿ ಕೂತು ದಿನಕ್ಕೆ ಎರಡು ಹಾಕ್ತಿದ್ಲು, ಒಂದೊಂದಿನ ಒಂದೇ, ಶಿವಯೋಗಪ್ಪನ ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ನಿಲ್ಲಬಹುದಿತ್ತು ಅವನ ಮುಂದೆ, ದಾರ ನಾನೇ ಪೋಣಿಸಿ ಕೊಡ್ತಿದ್ದೆ ಅಕ್ಕಾರೆ, ಮಲಕ್ಕೋ ಅಂದ್ರೆ ಅಕ್ಕ ಕಾಯ್ತಾ ಇರ್ತಾರೆ ಅನ್ನೋಳು, ಕೊನೀಗೆ ಹೇಳಿದ್ದಿಷ್ಟೇ, ನೀವೇ ತಗೊಂಡು ಹೋಗ್ರಿ, ಫೋಟೋದಾಗ ಅವ್ರಿಗೆ ಸರಿ ಕಾಣಂಗಿಲ್ಲ, ಸಾಕು ಅನ್ನಿಸ್ಕೊಂಡು ಬರ್ರಿ ಅಂತ. ಅಂಜಿನಕ್ಕನ ಕೊಡತಿ ನಿಂತಿದೆ. ಅವನು ರಟ್ಟನ್ನು ಬಿಸಿಲಿಗೆ ಓರೆ ಮಾಡಿ ಹಿಡಿದ, ತಾನೇ ಹುಡುಕುವವನಂತೆ ಮೇಲಿಂದ ಕೆಳಗೆ ನೋಡಿದ, ನಂಗೆ ಇದೆಲ್ಲ ತಿಳಿಯಂಗಿಲ್ಲ, ಹೊಲ ಮಾಡೋನು, ಇದರಾಗ ಏನು ಕಮ್ಮಿ ಇತ್ತಕ್ಕಾರೆ? ಗಿಡ ಎನ್ನಲೇ, ಕಲ್ಲು ಎನ್ನಲೇ, ಸುಳ್ಳು ನಾಲಿಗೆಯ ತುದಿಗೆ ಬಂದು ಒಣಗಿತು, ಏನೂ ಕಮ್ಮಿ ಇರಲಿಲ್ಲ ತಮ್ಮ, ದೀಪಾವಳಿಯಾಗ ತುಂಬಿತ್ತು ಎಂದೆ. ಅವನು ತಲೆಯೆತ್ತಿದ. ಮತ್ತೆ? ಅಷ್ಟೇ ಕೇಳಿದ, ಮತ್ತೆ? ದೀಪಾವಳಿಯಿಂದ ಶಿವರಾತ್ರಿಯ ಹಿಂದಿನವರೆಗೆ ಆ ನಡುಗುವ ಕೈ, ಒಂದು ಗಂಟು, ಇನ್ನೊಂದು ಗಂಟು, ಅವಳನ್ನು ಹಿಡಿದಿಡುತ್ತೇನೆಂದು ನಾನು ಏರಿಸಿದ ಕಲ್ಲು, ಹೇಳಬೇಕಾದದ್ದು ಎರಡಕ್ಷರ, ಆ ಎರಡಕ್ಷರಕ್ಕೆ ನಾಲ್ಕು ಸಲ ಕೈ ಚಾಚಿದ್ದಳು, ಈಗ ಹೇಳಿದರೆ ಯಾರಿಗೆ ಹೇಳಿದಂತೆ, ಗಂಡನಿಗೆ ಹೇಳಿದರೆ ತೀರುವುದೇ, ಬ್ಲಾಗಿನ ಕೆಳಗೆ ಬರೆದರೆ ಯಾರು ಓದುತ್ತಾರೆ, ಸೂಜಿ ತೆಗೆದು ದಾರ ಕಡಿದರೆ ಮುಗಿಯಿತು, ಕೈ ಹೋಗುತ್ತದೆ, ಸೂಜಿಯ ತಲೆ ಬಿಸಿಲಿಗೆ ಸುಡುತ್ತದೆ, ಇನ್ನೊಂದು ಕಲ್ಲಿಗೆಂದು ಚುಚ್ಚಿ ಎಳೆಯದೆ ಬಿಟ್ಟದ್ದು, ಅಕ್ಕಾರೆ, ಹೊತ್ತಾಯ್ತು ಎನ್ನುತ್ತಿದ್ದಾನೆ, ಸಾಕು ಎನ್ನಲು ಬಾಯಿ ತೆರೆದಿದೆ, ಸೂಜಿ ಅರ್ಧ ಈಚೆ ಅರ್ಧ ಆಚೆ, ದಾರ ಇನ್ನೂ ಗೇಣುದ್ದ ಇದೆ, ಸೂಜಿ, ಅದರ ಕಣ್ಣಲ್ಲಿ ಅವನು ಪೋಣಿಸಿ ಕೊಟ್ಟ ದಾರ, ಸೂಜಿ —