ತೊಂಬತ್ತಾರು ಪರ್ಸೆಂಟ್

ಪಾರ್ಶ್ವವಾಯು ಹೊಡೆದವರಿಗೆ ಗಂಟಲಿನ ಪರೀಕ್ಷೆ ಆಗುವ ತನಕ ಒಂದು ಹನಿ ನೀರೂ ಕೊಡಬಾರದು ಎಂದು ಮೆಲ್ಬರ್ನಿನ ಆ ವಾರ್ಡಿನ ಗೋಡೆಯ ಮೇಲೆ ಪೋಸ್ಟರ್ ಇತ್ತು. ಅದನ್ನು ಬರೆದವಳು ಸಂಧ್ಯಾರಾಣಿಯೇ. ಅದರ ಕೆಳಗಿನ ಮಂಚದಲ್ಲಿ ಅವಳ ಅಪ್ಪ ಚನ್ನಮಲ್ಲಪ್ಪ ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದರು. ಕುಡಿದ ಚಹಾ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಸುದ್ದಿ ಕೇಳಿ ಅವಳು ಸಿಡ್ನಿಯ ದಿ ಪಾಂಡ್ಸ್‌ನಿಂದ ಬೆಳಗಿನ ಫ್ಲೈಟ್ ಹಿಡಿದು ಬಂದಿದ್ದಳು.

ಚಮಚದಲ್ಲಿ ನೀರು ಕುಡಿಸಿ ರೋಗಿ ಕೆಮ್ಮುತ್ತಾನೋ ಎಂದು ನೋಡುವುದು ಹತ್ತು ನಿಮಿಷದ ಕೆಲಸ. ಜ್ವರ, ಸಕ್ಕರೆಯ ಜೊತೆಗೆ ಇದನ್ನೂ ನೋಡಿಕೊಂಡರೆ ಜೀವ ಉಳಿಯುತ್ತದೆಂದು ಸಿಡ್ನಿಯ ಸಂಶೋಧಕರ ಟ್ರಯಲ್ ತೋರಿಸಿಕೊಟ್ಟು ವರ್ಷಗಳೇ ಆಗಿದ್ದವು. ಆದರೆ ಪತ್ರಿಕೆಯಲ್ಲಿ ಅಚ್ಚಾದ ಸಂಶೋಧನೆ ತಾನಾಗಿ ವಾರ್ಡಿಗೆ ನಡೆದು ಬರುವುದಿಲ್ಲ. ಅದನ್ನು ನಡೆಸಿಕೊಂಡು ಬರುವುದಕ್ಕೇ ಸಂಧ್ಯಾರಾಣಿಗೆ ಸಂಬಳ. ನರ್ಸುಗಳು ಮರೆಯಬಾರದೆಂದು ಕಂಪ್ಯೂಟರಿನಲ್ಲಿ ಅವಳು ಒಂದು ಚೌಕ ಇಡಿಸಿದ್ದಳು. 'ಪರೀಕ್ಷೆ ಆಯಿತು' ಎಂದು ಟಿಕ್ ಹಾಕದೆ ಮುಂದಿನ ಪುಟ ತೆರೆಯುವಂತಿಲ್ಲ. ಮೂರೇ ತಿಂಗಳಲ್ಲಿ ಈ ವಾರ್ಡು ತೊಂಬತ್ತಾರು ಪರ್ಸೆಂಟ್ ಮುಟ್ಟಿತು, ಎಲ್ಲರೂ ಕೇಕ್ ಕತ್ತರಿಸಿ ಫೋಟೋ ತೆಗೆಸಿಕೊಂಡರು.

ಅವ್ವ ದ್ಯಾಮವ್ವ ಮೂಲೆಯ ಕುರ್ಚಿಯಲ್ಲಿ ಮುದುಡಿ ಕೂತಿದ್ದಳು. ಇಂಗ್ಲಿಷ್ ಬಾರದ ಅವಳು ಚಹಾ ಕೊಡಬಹುದೇ ಎಂದು ಮೊಮ್ಮಗಳ ಕೈಲಿ ಕೇಳಿಸಿದಾಗ ನರ್ಸು ಕಂಪ್ಯೂಟರ್ ನೋಡಿ, ಪರೀಕ್ಷೆ ಆಗಿದೆ, ಕುಡಿಸಬಹುದು ಎಂದಿದ್ದಳಂತೆ. ಅವ್ವ ಇದೇ ಊರಿನ ಕ್ಲೈಡ್ ನಾರ್ತ್‌ನಲ್ಲಿರುವ ಮಗನ ಮನೆಯಿಂದ ಥರ್ಮಾಸಿನಲ್ಲಿ ತಂದ ಚಹಾ ಕುಡಿಸಿದ್ದಳು.

"ನನ್ನ ಕೈಯಾರೆ ಕುಡಿಸಿದ್ನವಾ," ಎಂದಳು. "ಅವರು ಕೆಮ್ಮಿದ್ರೂ ಇನ್ನೊಂದು ಗುಟುಕು ಅಂತ ಕುಡಿಸಿದೆ."

ಹೀಗೆ ಕೆಮ್ಮುವವರು ಪರೀಕ್ಷೆಯಲ್ಲೇ ಸಿಕ್ಕಿಬೀಳಬೇಕಿತ್ತಲ್ಲ ಎಂದು ಸಂಧ್ಯಾರಾಣಿಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಹಿರಿಯ ನರ್ಸನ್ನು ಹಿಡಿದು ದಾಖಲೆ ತೋರಿಸೆಂದಳು. ಪರೀಕ್ಷೆ ಆದ ಸಮಯ ಹಿಂದಿನ ದಿನ ಬೆಳಿಗ್ಗೆ ಒಂಬತ್ತೂ ಹತ್ತು ಎಂದಿತ್ತು. ಅದೇ ದಾಖಲೆಯ ಪ್ರಕಾರ ಒಂಬತ್ತೂವರೆಯ ತನಕ ಅಪ್ಪ ಕೆಳಗೆ ಸ್ಕ್ಯಾನಿನ ಕೋಣೆಯಲ್ಲಿದ್ದರು, ವಾರ್ಡಿಗೆ ಬಂದೇ ಇರಲಿಲ್ಲ. ಇದೇನೆಂದು ಕೇಳಿದರೆ ಆ ಹೆಂಗಸು ತಲೆ ತಗ್ಗಿಸಲಿಲ್ಲ. ಬಂದ ಕೂಡಲೇ ಇಂಜೆಕ್ಷನ್ ಕೊಡಬೇಕಿತ್ತು, ಟಿಕ್ ಹಾಕದೆ ಆ ಪುಟ ತೆರೆಯುವುದಿಲ್ಲ, ಇಬ್ಬರು ನರ್ಸುಗಳಿಗೆ ಹದಿನಾರು ಮಂಚ, ಮೊದಲು ಟಿಕ್ ಹಾಕಿ ಆಮೇಲೆ ಬಿಡುವಾದರೆ ಪರೀಕ್ಷೆ ಮಾಡುತ್ತೇವೆ ಎಂದಳು. ಎಲ್ಲರೂ ಹಾಗೇ ಮಾಡುವುದು. ನೀವು ಬಂದು ಕೇಳಿದ್ದು ಅಂಕಿ ಮಾತ್ರ, ಇದನ್ನು ಯಾವತ್ತೂ ಕೇಳಲಿಲ್ಲ ಎಂದಳು.

ಬೈಯಲು ಬಾಯಿ ತೆರೆದವಳಿಗೆ ಬೈಗುಳ ಸಲ್ಲಬೇಕಾದದ್ದು ತನಗೇ ಎಂದು ಗೊತ್ತಾಯಿತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದು ಊರವರನ್ನೆಲ್ಲ ಆಡಿಕೊಂಡವಳು ಅವಳೇ.

ಅಷ್ಟರಲ್ಲಿ ಸಿಡ್ನಿಯಿಂದ ಅವಳ ಬಾಸ್ ಚಂದ್ರಶೇಖರ್ ಫೋನ್ ಮಾಡಿದ. ಇದೇ ಚೌಕವನ್ನು ಇನ್ನೂ ಇಪ್ಪತ್ತು ಆಸ್ಪತ್ರೆಗಳಿಗೆ ಹಾಕಿಸುವ ಮೀಟಿಂಗ್ ಮಧ್ಯಾಹ್ನವಿತ್ತು. ಅವಳು ನಡೆದದ್ದೆಲ್ಲ ಹೇಳಿದಳು.

"ಬೇಜಾರಾಗುತ್ತೆ ಸಂಧ್ಯಾ," ಎಂದ ಅವನು. "ಆದ್ರೆ ಒಂದು ಕೇಸ್ ಇಟ್ಕೊಂಡು ಪ್ರಾಜೆಕ್ಟ್ ನಿಲ್ಸೋಕಾಗಲ್ಲ. ಇನ್ಸಿಡೆಂಟ್ ರಿಪೋರ್ಟ್ ಆಗ್ಲೇ ಬಂದಿದೆ. ಫ್ಯಾಮಿಲಿಯವ್ರು ಟೀ ಕುಡಿಸಿದ್ರು ಅಂತಿದೆಯಲ್ಲ."

ಆ ಫ್ಯಾಮಿಲಿಯವರು ಒಳಗೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸಂಧ್ಯಾರಾಣಿಯ ಪಿತ್ತ ನೆತ್ತಿಗೇರಿತು.

"ಚಂದ್ರಶೇಖರ್, ನಾವು ಎಣಿಸಿದ್ದು ಟಿಕ್, ಪರೀಕ್ಷೆ ಅಲ್ಲ. ಆ ತೊಂಬತ್ತಾರರಾಗ ನಮ್ಮಪ್ಪನೂ ಅದಾನ. ಮೀಟಿಂಗ್‌ನ್ಯಾಗ ನಾನ ಇದನ್ನ ಹೇಳ್ತೀನಿ. ಹೇಳಿದ ಮ್ಯಾಲೆ ಬೇಕಾದ್ರ ಕೆಲಸದಿಂದ ತೆಗೀರಿ."

ಅವನ ಉತ್ತರಕ್ಕೆ ಕಾಯದೆ ಫೋನ್ ಇಟ್ಟು ಒಳಗೆ ಹೋದಳು. ಇಪ್ಪತ್ತು ಆಸ್ಪತ್ರೆಗಳ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಈ ಕುರ್ಚಿಯ ಮುಂದೆ ಒಪ್ಪಿಕೊಳ್ಳುವುದೇ ಕಷ್ಟವಾಗಿತ್ತು. ಅವ್ವನ ಕಾಲ ಬಳಿ ನೆಲದ ಮೇಲೆ ಕೂತಳು.

"ಅವ್ವಾ, ತಪ್ಪು ನಿಂದಲ್ಲ," ಎಂದಳು. "ಕುಡಿಸಬಹುದು ಅಂತ ನಿನಗ ಸುಳ್ಳು ಹೇಳಿದಾಕಿ ನಾನು."