ಗಿರಾಕಿಗೆ ಹೊಸ ಎಣ್ಣೆ, ಮನೆಗೆ ಉಳಿದ ಎಣ್ಣೆ

ದುಗ್ಗಮ್ಮ ಎಣ್ಣೆ ಸೋಸುತ್ತಿದ್ದಳು. ಡಬ್ಬದ ಬಾಯಿಗೆ ಕಟ್ಟಿದ ಹಳೆಯ ಪಂಚೆಯ ತುಂಡಿನ ಮೇಲೆ ಬೋಂಡಾದ ಚೂರುಗಳು ಕರ್ರಗೆ ಉಳಿದವು. ಕೆಳಗಿಳಿದ ಎಣ್ಣೆಯೂ ಕಷಾಯದ ಬಣ್ಣದ್ದೇ.

ಹೊಸನಗರದ ಬಸ್ ಸ್ಟ್ಯಾಂಡಿನ ಎದುರು ಅವಳ ಗಂಡ ಹೂವಯ್ಯನ ಹೋಟೆಲು. ತೀರ್ಥಹಳ್ಳಿಯಿಂದ ಸಾಗರಕ್ಕೆ ಹೋಗುವವರು ಅಲ್ಲಿ ಬೋಂಡಾ ತಿನ್ನದೆ ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ಕರಿದ ಎಣ್ಣೆಯಲ್ಲಿ ಮರುದಿನ ಗಿರಾಕಿಗೆ ಕರಿಯಬಾರದೆಂಬುದು ಹೂವಯ್ಯನ ನೇಮ. ಬೆಳಿಗ್ಗೆ ಬಾಣಲೆಗೆ ಗಾಣದ ಹೊಸ ಎಣ್ಣೆ; ಸಂಜೆ ಉಳಿದದ್ದು ಮನೆಯ ಡಬ್ಬಕ್ಕೆ. ಮನೆಯ ಒಗ್ಗರಣೆ, ಪಲ್ಯ, ದೋಸೆ ಎಲ್ಲಕ್ಕೂ ಅದೇ.

ಆ ವರ್ಷ ಹೂವಯ್ಯನಿಗೆ ಸೌದೆ ಹೊತ್ತರೆ ಎದೆ ಹಿಡಿಯತೊಡಗಿತು. ಸಾಗರದ ಡಾಕ್ಟರು ಬೀಡಿ ಬಿಡಲು ಹೇಳಿದರು. ತುಪ್ಪ ಕಡಿಮೆ ಮಾಡಿ, ವನಸ್ಪತಿ ಬೇಡ, ಗಾಣದ ಎಣ್ಣೆಯನ್ನೇ ಸ್ವಲ್ಪ ಬಳಸಿ ಎಂದರು. ಹೂವಯ್ಯ ನಗುತ್ತಲೇ ಮನೆಗೆ ಬಂದ.

"ನಾವು ತಿನ್ನೋದೇ ಗಾಣದ ಎಣ್ಣೆ ಕಣೇ. ಡಾಕ್ಟ್ರಿಗೆ ನಾನೇ ಹೇಳಿಕೊಡ್ಬಹುದಿತ್ತು!"

ದುಗ್ಗಮ್ಮನಿಗೂ ಸಮಾಧಾನವಾಯಿತು. ಎದೆನೋವು ಮಾತ್ರ ಹೋಗಲಿಲ್ಲ.

ಬಾಣಂತಿಯರನ್ನು ನೋಡಲು ಊರೂರು ಸುತ್ತುವ ನರ್ಸು ಶೇಷಮ್ಮ ಒಂದು ಸಂಜೆ ಹಿತ್ತಲಿಗೆ ಬಂದು, ದುಗ್ಗಮ್ಮ ಸೋಸುತ್ತಿದ್ದ ಎಣ್ಣೆಯನ್ನು ನೋಡಿದಳು.

"ಇದೆಂತ ದುಗ್ಗಮ್ಮಕ್ಕ, ಗಾಡಿ ಅಚ್ಚಿಗೆ ಹಚ್ಚಲಿಕ್ಕಾ?"

"ಅಡುಗೆಗೆ. ಗಾಣದ್ದೇ."

"ಗಾಣದಿಂದ ಬಂದಾಗ ಒಳ್ಳೇದೇ ಆಗಿತ್ತು. ದಿನವಿಡೀ ಹೊಗೆಯಾಡಿದ ಮೇಲೆ ಆ ಗುಣ ಎಲ್ಲಿ ಉಳೀತದೆ? ಕಾಯಿಸಿ ಕಾಯಿಸಿ ಕೆಟ್ಟ ಎಣ್ಣೆ ಎದೆಗೆ ಒಳ್ಳೇದಲ್ಲ. ವನಸ್ಪತೀನೂ ಮೊದಲು ಎಣ್ಣೇನೇ ಅಲ್ವಾ? ಕಾರ್ಖಾನೇಲಿ ಅದನ್ನ ಗಟ್ಟಿ ಮಾಡ್ತಾರೆ. ಎಣ್ಣೆ ಯಾವುದು ಅಂತ ನೋಡಿದ್ರೆ ಸಾಲದು ಅಕ್ಕ, ಅದಕ್ಕೆ ಎಂತ ಮಾಡಿದ್ದೀವಿ ಅಂತಲೂ ನೋಡ್ಬೇಕು."

ಒಳಗಿನಿಂದ ಹೂವಯ್ಯ ಕೂಗಿದ. "ನರ್ಸಮ್ಮಾ, ಬೇಕಿದ್ರೆ ಬೋಂಡಾ ತಿನ್ನಿ. ತುಂಬಿದ ಡಬ್ಬ ಚೆಲ್ಲಿಸಬೇಡಿ ಮಾರಾಯ್ತಿ!"

"ಹಾಗಾದ್ರೆ ಇದನ್ನ ಗಿರಾಕಿಗೆ ಯಾಕೆ ಹಾಕಲ್ಲ ಹೂವಯ್ಯನೋರೇ?"

"ಛೆ! ಊರವರ ಆರೋಗ್ಯ ಕೆಡಿಸ್ಲಾ?"

ಹೇಳಿ ಮುಗಿಸಿದ ಮೇಲೆ ಆ ಮಾತು ಅವನಿಗೇ ತಟ್ಟಿತು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ನಿಂತ.

"ಆಯ್ತು. ಈ ಡಬ್ಬ ಒಂದು ಮುಗೀಲಿ. ಆಮೇಲೆ ಮನೆಗೂ ಹೊಸದೇ."

ಅವತ್ತೇ ಚೆಲ್ಲಲು ದುಗ್ಗಮ್ಮನಿಗೂ ಮನಸ್ಸು ಬರಲಿಲ್ಲ.

ಕೆಲವು ದಿನಗಳಲ್ಲಿ ಡಬ್ಬ ಅರ್ಧಕ್ಕೆ ಇಳಿದಿತ್ತು. ಒಂದು ಬೆಳಿಗ್ಗೆ ಬಾಣಲೆಯ ಮುಂದೆ ಜಾಲರಿ ಸೌಟು ಹಿಡಿದು ನಿಂತಿದ್ದ ಹೂವಯ್ಯ ಅಲ್ಲೇ ಕುಸಿದ. ಮತ್ತೆ ಏಳಲಿಲ್ಲ. ಎಣ್ಣೆಯೊಂದೇ ಕಾರಣ ಎಂದು ಡಾಕ್ಟರು ಹೇಳಲಿಲ್ಲ. ಬೀಡಿಯನ್ನೂ ಅವನು ಬಿಟ್ಟಿರಲಿಲ್ಲ. ಎಣ್ಣೆ ಕಾರಣವಲ್ಲ ಎಂದೂ ಅವರು ಹೇಳಲಿಲ್ಲ.

ಮಣ್ಣಿಗೆ ಬಂದವರೆಲ್ಲ ಒಂದೇ ಮಾತಾಡಿದರು: "ಎಂಥ ಮನುಷ್ಯ! ಒಂದು ದಿನವೂ ನಮಗೆ ಹಳೇ ಎಣ್ಣೇಲಿ ಕರಿದು ಕೊಡ್ಲಿಲ್ಲ." ಮೂಲೆಯಲ್ಲಿ ಕುಳಿತಿದ್ದ ದುಗ್ಗಮ್ಮ ಅದನ್ನು ಕೇಳಿಸಿಕೊಂಡಳು.

ಸೂತಕ ಕಳೆದ ಮೇಲೆ ಮಹಿಳಾ ಸಮಾಜದ ಸಭೆ ಸೇರಿತು. ಎಂದೂ ನಾಲ್ಕು ಜನರ ಮುಂದೆ ಬಾಯಿ ತೆರೆಯದ ದುಗ್ಗಮ್ಮ ಆ ಅರ್ಧ ಡಬ್ಬವನ್ನು ತಂದು ಚಾಪೆಯ ನಡುವೆ ಇಟ್ಟಳು. ಮುಚ್ಚಳ ತೆಗೆದಳು. ಕಮಟು ವಾಸನೆಗೆ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದರು.

"ಇದನ್ನ ನಾನೇ ಸೋಸಿ ನನ್ನ ಗಂಡನಿಗೆ ಬಡಿಸ್ತಿದ್ದೆ ಅಕ್ಕಂದಿರಾ. ನೀವು ಹಾಗೆ ಮಾಡಬೇಡಿ. ಒಳ್ಳೇ ಎಣ್ಣೇನೇ ತನ್ನಿ, ಅದನ್ನೂ ಸ್ವಲ್ಪವೇ ಹಾಕಿ. ಹೊಗೆ ಬರೋ ತನಕ ಕಾಯಿಸಬೇಡಿ. ಕರಿದು ಉಳಿದದ್ದನ್ನ ಮತ್ತೆ ಮತ್ತೆ ಒಲೆ ಮೇಲಿಡಬೇಡಿ. ಡಬ್ಬ ಮುಗೀಲಿ ಅಂತ ಕಾಯಬೇಡಿ. ಯಾರ ಮನೇಲಿ ಇಂಥದ್ದು ಇದೆ, ಹೇಳಿ. ನಾನೇ ಬಂದು ಹೊತ್ಕೊಂಡು ಹೋಗ್ತೀನಿ."

ದುಗ್ಗಮ್ಮ ಮುಚ್ಚಳ ಹಾಕಿ ಡಬ್ಬ ಎತ್ತಿಕೊಂಡಳು; ಮನೆಮನೆಗೂ ಕೇಳಲು ತಾನೇ ಹೊರಟಳು.