ಹಡಗಿನ ಮೇಲೆ ಬರಿಗಾಲ ಹಾಡು

ತಂಬ್ರಹಳ್ಳಿಯ ಚರ್ಚಿನಲ್ಲಿ ಬೆಂಚುಗಳಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಚಾಪೆಯ ಮೇಲೆ ಕೂರುವುದು ರೂಢಿ. ಯುವಕರ ಹಾಡಿನ ತಂಡ ಕಟ್ಟಿ ಬೆಳೆಸಿದ ಪಾಲಾಕ್ಷಣ್ಣ ಈ ರೂಢಿಯನ್ನು ಇನ್ನಷ್ಟು ಬಿಗಿ ಮಾಡಿದ್ದರು. ಮದುವೆ ಚಪ್ಪರವಾಗಲಿ, ಹರಪನಹಳ್ಳಿಯ ಸಭಾಂಗಣವಾಗಲಿ, ದೇವರ ಹಾಡು ಹಾಡುವವರ ಕಾಲಲ್ಲಿ ಚಪ್ಪಲಿ ಇರಕೂಡದು. ಯಾಕೆ ಎಂದು ಕೇಳುವ ಧೈರ್ಯ ತಂಡದಲ್ಲಿ ಯಾರಿಗೂ ಇರಲಿಲ್ಲ.

ತಂಡದ ಹಾಡುಗಾರ್ತಿ ಪ್ರಿಯಾ ಅಂತೂ ಈಗ ಕೇಳುವ ಪೈಕಿಯೇ ಅಲ್ಲ. ಪಾಲಾಕ್ಷಣ್ಣನಿಗೆ ವಯಸ್ಸಾಗಿ ಉಸಿರು ಸಾಲುತ್ತಿರಲಿಲ್ಲ. ಬರುವ ಕ್ರಿಸ್‌ಮಸ್‌ನಿಂದ ತಂಡವನ್ನು ಬೇರೆಯವರ ಕೈಗೆ ಒಪ್ಪಿಸುವವರಿದ್ದರು. ಕಾರವಾರದ ಪ್ರವಾಸದಲ್ಲಿ ಪ್ರಿಯಾಳೇ ಮುಂದೆ ನಿಂತು ಹಾಡಿಸಲಿ, ಆಮೇಲೆ ನೋಡೋಣ ಎಂದಿದ್ದರು.

“ದನಿ ಚಲೋ ಐತಿ ಯವ್ವಾ. ಆದ್ರ ನೀನು ಹಾಡು ಓಡಸ್ತಿ. ಬಸ್ಸು ತಪ್ಪತೈತಿ ಅನ್ನೋರಂಗ” ಎಂದು ವ್ಯಾನು ಹತ್ತುವಾಗಲೂ ಚುಚ್ಚಿದ್ದರು. ಪ್ರಿಯಾ ತಲೆ ತಗ್ಗಿಸಿದ್ದಳು. ತಂಡ ನಡೆಸುವ ಆ ಜಾಗ ಅವಳಿಗೆ ಬೇಕಿತ್ತು, ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಷ್ಟು ಬೇಕಿತ್ತು.

ಕಾರವಾರದ ಚರ್ಚಿನಲ್ಲಿ ಹಾಡು ಸಂಜೆಗೆ. ನೌಕಾಪಡೆಯವರು ಆ ವಾರ ಜನರಿಗೆ ಹಡಗು ತೋರಿಸುತ್ತಿದ್ದರಿಂದ ಮಧ್ಯಾಹ್ನ ಎಲ್ಲರೂ ಬಂದರಿಗೆ ಹೋದರು. ಢೋಲಕಿ ಬಾರಿಸುವ ಕ್ರಾಂತಿ ಮೊದಲ ಬಾರಿ ಸಮುದ್ರ ನೋಡಿ, “ನಮ್ಮ ಡ್ಯಾಮಿನ ಹಿನ್ನೀರೇನು ಇದಕ್ಕಿಂತ ಸಣ್ಣದಲ್ಲ ಬಿಡ್ರಿ” ಎಂದು ತೀರ್ಪು ಕೊಟ್ಟ.

ಹಡಗಿನ ಏಣಿಯ ಬಳಿ ಪಾಲಾಕ್ಷಣ್ಣ ಚಪ್ಪಲಿ ಕಳಚಿದರು. “ಮ್ಯಾಲ ಯಾರರ ಹಾಡ್ರಿ ಅಂದ್ರ?” ಎಂದರು. ತಂಡವೆಲ್ಲ ಕಳಚಿತು. ಕಾವಲಿನ ನಾವಿಕ ಬೇಡ, ಹಾಕಿಕೊಂಡೇ ಬನ್ನಿ ಎಂದು ಕೈಸನ್ನೆ ಮಾಡಿದರೂ ಯಾರು ಕೇಳುತ್ತಾರೆ?

ಒಳಗೆ ತಂಪಿತ್ತು. ಒಂದರ ಮೇಲೊಂದು ಮೂರು ಮಂಚ ಕಂಡು ತಂಡದ ಸಂಗೀತಾ, “ಇದರಾಗ ಮಗ್ಗಲ ಬದಲಸೋದು ಹೆಂಗ್ರಿ?” ಎಂದು ಕೇಳಿ ನಾವಿಕರನ್ನು ನಗಿಸಿದಳು. ಮೇಲಿನ ಡೆಕ್ಕಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಒಬ್ಬ ತರುಣ ಅಧಿಕಾರಿ ಢೋಲಕಿ ನೋಡಿ, ಒಂದು ಹಾಡು ಆಗಲಿ ಎಂದ. ಕೆಲಸ ಬಿಟ್ಟು ನಾವಿಕರು ಸುತ್ತ ಸೇರಿದರು.

ಪ್ರಿಯಾ ನಿಧಾನದ ಪ್ರಾರ್ಥನೆಯೊಂದನ್ನು ಎತ್ತಿಕೊಂಡಳು. ಈ ಸಲ ಓಡಿಸುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿದ್ದಳು. ಆದರೆ ಕಾಲಡಿಯ ಕಬ್ಬಿಣ ರೊಟ್ಟಿ ಹಂಚಿನಂತೆ ಕಾದಿತ್ತು. ಎರಡನೇ ಸಾಲಿಗೆ ಸಂಗೀತಾ ಒಂಟಿಗಾಲಲ್ಲಿ ನಿಂತಳು. ಕ್ರಾಂತಿ ಕುಣಿಯತೊಡಗಿದ, ಅವನ ಜೊತೆ ಢೋಲಕಿಯೂ ಕುಣಿಯಿತು. ಪ್ರಾರ್ಥನೆ ಮದುವೆ ಮೆರವಣಿಗೆಯ ಹಾಡಾಯಿತು. ತಂಬ್ರಹಳ್ಳಿ ಕಡೆಯ ಕುಣಿತ ಹೀಗೇ ಇರಬೇಕೆಂದು ನಾವಿಕರು ಹುರುಪಿನಿಂದ ಚಪ್ಪಾಳೆ ತಟ್ಟಿದರು. ಹಿಂದೆ ಪಾಲಾಕ್ಷಣ್ಣ ಮಾತ್ರ ಕಾಲು ಕದಲಿಸದೆ, ಹಲ್ಲು ಕಚ್ಚಿ ನಿಂತಿದ್ದರು.

ಹೀಗೇ ಬಿಟ್ಟರೆ ಹಾಡು ಕೆಡುತ್ತದೆ. ನಿಲ್ಲಿಸಿ ಚಪ್ಪಲಿ ಹಾಕಿಸಿದರೆ ಅಷ್ಟು ಜನರ ಮುಂದೆ ಅಣ್ಣನ ಮಾತು ಮುರಿದಂತೆ. ಪ್ರಿಯಾ ಕೈ ಎತ್ತಿದಳು.

“ನಿಲ್ಲಸ್ರಿ. ಕಾಲು ಸುಡಾಕತ್ತಾವ. ಚಪ್ಪಲಿ ಹಾಕ್ಕೊಂಡು ಮೊದಲಿಂದ ಹಾಡೋಣು. ಅಣ್ಣಾರ, ನೀವೂ.”

ಪಾಲಾಕ್ಷಣ್ಣ ಸರಸರ ಏಣಿ ಇಳಿದು ಹೋದರು. ಸಿಟ್ಟಾಗಿ ಹೋದರೆಂದೇ ಎಲ್ಲರೂ ತಿಳಿದರು. ಆ ಜಾಗ ಕೈತಪ್ಪಿತು ಎಂದು ಪ್ರಿಯಾಳಿಗೆ ಅಳು ಬಂತು. ತಡೆದುಕೊಂಡಳು.

ಅವರು ತಿರುಗಿ ಬಂದಾಗ ತಂಡದವರ ಚಪ್ಪಲಿಗಳನ್ನೆಲ್ಲ ಎದೆಗವಚಿಕೊಂಡಿದ್ದರು. ಇಸ್ತ್ರಿಯ ಬಿಳಿ ಅಂಗಿ ಮಣ್ಣಾಗಿತ್ತು. ಹುಡುಗರು ಓಡಿ ಬಂದು ಇಸಿದುಕೊಂಡರು. ಪ್ರಿಯಾಳ ಚಪ್ಪಲಿಯನ್ನು ಮಾತ್ರ ಅವರು ಯಾರಿಗೂ ಕೊಡದೆ, ಬಗ್ಗಿ ಅವಳ ಕಾಲ ಮುಂದಿಟ್ಟರು.

“ಅಯ್ಯೋ, ಬ್ಯಾಡ್ರಿ ಅಣ್ಣಾರ!” ಪ್ರಿಯಾ ಹಿಂದೆ ಸರಿದಳು. ಹಿರಿಯರು ತನ್ನ ಚಪ್ಪಲಿ ಮುಟ್ಟುವುದೆಂದರೇನು!

“ಹಾಕ್ಕ ಯವ್ವಾ. ಮುಂದ ನಿಂತಾಕಿ ನೀನು, ನಿನ್ನ ಮಾತು ನಡೀಬೇಕು. ಕ್ರಿಸ್‌ಮಸ್‌ಗೂ ನೀನ ಹಾಡಸು. ಹೂಂ, ಲಗು ಶುರು ಮಾಡು.”

ಪ್ರಿಯಾ ಕಣ್ಣೊರೆಸಿಕೊಂಡು ಅವರ ಕಾಲು ನೋಡಿದಳು. ಎಲ್ಲರದನ್ನೂ ಹೊತ್ತು ತರುವ ಗಡಿಬಿಡಿಯಲ್ಲಿ ಅವರು ತಮ್ಮದನ್ನೇ ಮರೆತಿದ್ದರು.

“ಕ್ರಾಂತಿ, ಅಣ್ಣಾರ ಚಪ್ಪಲಿ ತಗೊಂಡು ಬಾ. ಅಲ್ಲೀತನ ಶುರು ಮಾಡಂಗಿಲ್ಲ” ಎಂದಳು.

“ಲಗು ಹೋಗಲೇ!” ಎಂದು ಪಾಲಾಕ್ಷಣ್ಣ ಕೂಗಿದರು. ಆಮೇಲೆ ತಡೆಯಲಾಗಲಿಲ್ಲ. ನಾವಿಕರ ಎದುರೇ, ಒಂದು ಕಾಲೆತ್ತಿ ಇನ್ನೊಂದಿಳಿಸುತ್ತ ಅವರೂ ಕುಣಿಯತೊಡಗಿದರು. ಪ್ರಿಯಾ ನಗುತ್ತ ಕಾದಳು. ಅವಳಿಗೀಗ ಯಾವ ಅವಸರವೂ ಇರಲಿಲ್ಲ.